ಸಭೆಗೆ ಕರೆ ಬಂದಿದೆ, ಹೋಗಬೇಕಾ ಬೇಡವಾ? ಸಂಘ-ಸಂಸ್ಥೆಗಳು ಈ ಸಮಿತಿಗಳಲ್ಲಿ ಯಾಕೆ ಕೂರುತ್ತವೆ?

ಹಿನ್ನೀರು, ಜಮಖಂಡಿ

ಎಲ್ಲರಿಗೂ ನಮಸ್ಕಾರ. ನಮ್ಮದು ಜಮಖಂಡಿ ತಾಲ್ಲೂಕಿನ ಸಣ್ಣದೊಂದು ಕಬ್ಬು ಬೆಳೆಗಾರರ ಸಂಘ. ಅಕ್ಕಪಕ್ಕದ ನಾಲ್ಕೈದು ಹಳ್ಳಿಯವರು ಸೇರಿ ಮಾಡಿಕೊಂಡಿದ್ದು. ನಾನು ಕಾರ್ಯದರ್ಶಿ. ಅಂದರೆ ಅರ್ಜಿ ಬರೆಯುವವನೂ ನಾನೇ, ಬೈಸಿಕೊಳ್ಳುವವನೂ ನಾನೇ.

ಕಬ್ಬು ಅರೆಯುವ ಹಂಗಾಮು ಶುರುವಾಗುವ ಮುಂಚೆ ರೈತ ಸಂಘಗಳು, ಕಾರ್ಖಾನೆಯವರು, ಅಧಿಕಾರಿಗಳು ಒಟ್ಟಿಗೆ ಕೂತು ಮಾತಾಡುವ ಜಿಲ್ಲಾ ಸಭೆ ಇರುತ್ತದಲ್ಲ, ಅದಕ್ಕೆ ಈ ಸಲ ನಮಗೂ ಪತ್ರ ಬಂದಿದೆ. ಪತ್ರ ಬಂದಿದ್ದೇ ತಡ, ಸಂಘದಲ್ಲಿ ಎರಡು ಪಾರ್ಟಿ ಆಗಿವೆ. ಹಿರಿಯರು 'ಮರ್ಯಾದೆಯಿಂದ ಕರೆದಿದ್ದಾರೆ, ಹೋಗೋಣ' ಅನ್ನುತ್ತಾರೆ. ಹುಡುಗರು 'ಅಲ್ಲಿ ಹೋಗಿ ಕೂತರೆ ನಾಳೆ ರಸ್ತೆಗೆ ಇಳಿಯೋಕೆ ಮುಖ ಇರೋದಿಲ್ಲ' ಅನ್ನುತ್ತಾರೆ.

ನನ್ನ ತಲೆ ತಿನ್ನುತ್ತಿರುವ ಪ್ರಶ್ನೆ ಬೇರೆ. ಕಬ್ಬಿನ ದರ ಕೇಂದ್ರ ಸರ್ಕಾರ ಮೊದಲೇ ಹೇಳಿರುತ್ತದೆ. ಈ ಸಭೆಗೆ ಅದನ್ನು ಬದಲಿಸುವ ಅಧಿಕಾರವಿಲ್ಲ. ಹಾಗಿದ್ದರೂ ಕಾರ್ಖಾನೆಯವರು ಒಬ್ಬರೂ ತಪ್ಪಿಸುವುದಿಲ್ಲ, ಲ್ಯಾಪ್‌ಟಾಪ್ ಹಿಡಿದುಕೊಂಡು ಮೂರು ಮೂರು ಜನ ಬರುತ್ತಾರಂತೆ. ಉಪಯೋಗ ಇಲ್ಲದಿದ್ದರೆ ಅವರು ಯಾಕೆ ಬರುತ್ತಾರೆ? ಕಬ್ಬು ಅಂತ ಅಲ್ಲ, ನೀರು, ಕರೆಂಟು, ನೇಕಾರಿಕೆ, ಯಾವುದಾದರೂ ಇಂಥ ಸಮಿತಿಯಲ್ಲಿ ಕೂತು ಬಂದವರಿದ್ದರೆ ಹೇಳಿ.

ಕಾಟಾ ನೋಡ್ರಿ

ಹೋಗಬೇಡಿ. ಚಹಾ, ಬಿಸ್ಕೀಟು, ಫೋಟೊ. ಮುಗಿಯಿತು.

ಉದ್ಯಮಬಾಗ್ ಭಟ್ಟಿ

ಕಾಟಾ ಅಣ್ಣಾರೆ, ಅಷ್ಟು ಬೇಗ ಬಾಗಿಲು ಹಾಕಬೇಡಿ.

ನಾನು ಬೆಳಗಾವಿ ಫೌಂಡ್ರಿಯವನು. ಎರಕದ ಕೆಲಸದಲ್ಲಿ ಕಬ್ಬಿಣದ ಖರ್ಚಿನ ಜೊತೆ ನಮ್ಮ ಜೀವ ಹಿಂಡುವುದು ಕರೆಂಟ್ ಬಿಲ್ಲು. ಇಂಡಕ್ಷನ್ ಫರ್ನೇಸ್ ಹಚ್ಚಿದರೆ ಮೀಟರ್ ನೋಡುವ ಧೈರ್ಯ ಆಗುವುದಿಲ್ಲ. ನಮಗೆ ಕರೆಂಟ್ ಕೊಡುವ ಕಂಪನಿ ಹೆಸ್ಕಾಂ ದರ ಏರಿಸಬೇಕು ಅಂದರೆ ಸುಮ್ನೆ ಏರಿಸುವಂತಿಲ್ಲ, ಕೆಇಆರ್‌ಸಿಗೆ, ಅಂದರೆ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಅರ್ಜಿ ಹಾಕಬೇಕು. ವಿದ್ಯುತ್ ಕಾಯ್ದೆ 2003ರ 64ನೇ ಕಲಂ ಪ್ರಕಾರ ಆಯೋಗ ಜನರ ಸಲಹೆ, ಆಕ್ಷೇಪಣೆ ನೋಡಿಯೇ 120 ದಿನದೊಳಗೆ ಆದೇಶ ಕೊಡಬೇಕು. ಹಾಗಾಗಿ ಬಹಿರಂಗ ವಿಚಾರಣೆ ನಡೆಯುತ್ತದೆ. ನಮ್ಮ ಸಂಘ ಲಿಖಿತ ಆಕ್ಷೇಪಣೆ ಹಾಕುತ್ತದೆ, ವಿಚಾರಣೆಗೆ ಹುಬ್ಬಳ್ಳಿಗೆ ಹೋಗಿ ಮಾತಾಡುತ್ತದೆ.

ಅಲ್ಲಿಯ ಮಜಾ ಏನು ಗೊತ್ತಾ? ಆಯೋಗದ ಆದೇಶ ದೊಡ್ಡ ಪುಸ್ತಕದಷ್ಟು ಇರುತ್ತದೆ. ಅದರಲ್ಲಿ ಯಾರು ಏನು ಆಕ್ಷೇಪಣೆ ಎತ್ತಿದರು, ಅದಕ್ಕೆ ಕಂಪನಿ ಏನು ಉತ್ತರ ಕೊಟ್ಟಿತು, ಕೊನೆಗೆ ಆಯೋಗ ಏನು ಅಂದಿತು ಅಂತ ಬರೆದಿರುತ್ತಾರೆ. ಕರೆಂಟ್ ಸೋರಿಕೆ ಕಡಿಮೆ ಮಾಡುತ್ತೇವೆ ಅಂತ ಕಂಪನಿ ಒಂದು ಸಲ ಬರೆದುಕೊಟ್ಟಿತು ಅಂದುಕೊಳ್ಳಿ. ಮುಂದಿನ ವರ್ಷ ಅದೇ ಪುಟ ತೆಗೆದು ಅವರ ಮುಂದೆ ಇಟ್ಟರೆ ಉತ್ತರ ಹೇಳಲೇಬೇಕು. ನಾವು ಹೋಗುವುದು ಈ ಪುಟಕ್ಕಾಗಿ.

ಕಾಟಾ ನೋಡ್ರಿ

ಪುಟ ಸಿಕ್ಕಿತು, ಸಂತೋಷ. ದರ ಇಳಿಯಿತಾ?

ಉದ್ಯಮಬಾಗ್ ಭಟ್ಟಿ

ಇಲ್ಲ. ಆದರೆ ಕಂಪನಿ ಕೇಳಿದಷ್ಟೂ ಸಿಗುವುದು ಅಪರೂಪ. ಅವರು ಕೇಳಿದ್ದಕ್ಕೂ ಆಯೋಗ ಕೊಟ್ಟಿದ್ದಕ್ಕೂ ನಡುವೆ ಇರುವ ಅಂತರದಲ್ಲಿ ನಮ್ಮ ಪಾಲು ಎಷ್ಟು, ಬೇರೆಯವರ ಪಾಲು ಎಷ್ಟು ಅಂತ ನನಗೆ ಲೆಕ್ಕ ಹಾಕೋಕೆ ಬರುವುದಿಲ್ಲ. ಹೋಗದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ನಿಮಗೂ ಹೇಳೋಕೆ ಬರುವುದಿಲ್ಲ ಅಲ್ವಾ?

ಸಿಂದಗಿ ರೋಡ್

ಹುಬ್ಬಳ್ಳಿಗೆ ಹೋಗಿ ಬರುವ ಡೀಸೆಲ್ ಖರ್ಚು ಸಂಘದ್ದಾ, ಸ್ವಂತದ್ದಾ? ಮೊದಲು ಅದು ಹೇಳಿ 😄

ಟಪಾಲು ಕಾಕಾ, ವಿಜಯಪುರ

ನಾನು ನಿವೃತ್ತ ಗುಮಾಸ್ತ. ಮೇಜಿನ ಆ ಕಡೆಯಿಂದ ಮಾತಾಡುತ್ತೇನೆ, ಬೈಯಬೇಡಿ.

ಸಂಘಗಳು ಯಾಕೆ ಬರುತ್ತವೆ ಅನ್ನುವುದಕ್ಕೆ ಮುಂಚೆ, ಕಚೇರಿಯವರು ಯಾಕೆ ಕರೆಯುತ್ತಾರೆ ಅಂತ ಕೇಳಿ. ಕಾರಣ ಮೂರ್ನಾಲ್ಕು ಇರುತ್ತವೆ. ಒಂದು, ಕಾನೂನಿನಲ್ಲೇ ಕರೆಯಬೇಕು ಅಂತ ಇರುತ್ತದೆ. ಎರಡು, ನಿಜವಾಗಿ ಮಾಹಿತಿ ಬೇಕಿರುತ್ತದೆ. ಯಾವ ಊರಲ್ಲಿ ಕಬ್ಬು ಒಣಗಿದೆ, ಯಾವ ಫ್ಯಾಕ್ಟರಿ ಬಿಲ್ಲು ಬಾಕಿ ಇಟ್ಟಿದೆ ಅಂತ ಕಡತದಲ್ಲಿ ಬರುವ ಮುಂಚೆ ರೈತನ ಬಾಯಲ್ಲಿ ಬರುತ್ತದೆ. ಇನ್ನೊಂದು, ಇದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾಳೆ ಗಲಾಟೆ ಆದರೆ 'ಎಲ್ಲರನ್ನೂ ಕರೆದು ಮಾತಾಡಿದ್ದೆವು' ಅನ್ನೋಕೆ ಒಂದು ಕಾಗದ ಬೇಕು. ಸಾಹೇಬರ ಮೇಲೆ ಸಾಹೇಬರು ಇರುತ್ತಾರಲ್ಲ.

ಆದ್ದರಿಂದ ಆ ಕಾಗದದ ಬೆಲೆ ಅವರಿಗೆ ಗೊತ್ತು. ನಿಮಗೂ ಗೊತ್ತಿರಬೇಕು. ನಡಾವಳಿ, ಅಂದರೆ ಸಭೆಯಲ್ಲಿ ಏನಾಯಿತು ಅಂತ ಬರೆದ ಆ ಕಾಗದ, ಓದುವಾಗ ಎರಡೇ ನೋಡಿ: ಕೆಲಸ ಯಾರ ಹೆಗಲಿಗೆ ಹಾಕಿದ್ದಾರೆ, ಯಾವ ತಾರೀಕಿನೊಳಗೆ. ಇವೆರಡೂ ಇಲ್ಲದಿದ್ದರೆ ಆ ಸಾಲು ಬರೆದೂ ಒಂದೇ, ಬರೆಯದೆಯೂ ಒಂದೇ.

ಮೂಡಲಗಿ ಹುಲಿ

ಕಾಕಾ, ನೀವೇ ಒಪ್ಪಿಕೊಂಡಿರಿ. ಗಲಾಟೆ ಆದಾಗ ತೋರಿಸೋಕೆ ನಮ್ಮ ಸಹಿ ಬೇಕು ಅಷ್ಟೇ.

2025ರ ನವೆಂಬರ್ ನೆನಪಿದೆಯಾ? ಗುರ್ಲಾಪುರ ಕ್ರಾಸ್‌ನಲ್ಲಿ ಟನ್‌ಗೆ 3,500 ಕೊಡಿ ಅಂತ ರಸ್ತೆ ಮೇಲೆ ಕೂತಿದ್ದೆವು. ಅಲ್ಲೇ ಅಡುಗೆ, ಅಲ್ಲೇ ಮಲಗೋದು. ಅದಕ್ಕೆ ಮುಂಚೆ ಎಷ್ಟು ಸಭೆ ಆಗಿದ್ದವು? ಏನು ಕಿತ್ತವು? ರಸ್ತೆ ಬಂದ್ ಆದ ಮೇಲೆ ಬೆಂಗಳೂರಿಗೆ ಎಚ್ಚರ ಆಯಿತು. ಸಭೆ ಅಂದರೆ ಮೂಗಿಗೆ ತುಪ್ಪ ಸವರುವ ಕಾರ್ಯಕ್ರಮ.

ಸಕ್ಕರೆ ಲ್ಯಾಬು

ಹುಲಿ ಅಣ್ಣಾ, ಹೋರಾಟಕ್ಕೆ ನಮಸ್ಕಾರ. ಆದರೆ ಮುಗಿದಿದ್ದು ಎಲ್ಲಿ? ಮುಖ್ಯಮಂತ್ರಿ ಎರಡೂ ಕಡೆಯವರನ್ನು ಕರೆದು ಕೂರಿಸಿದ ಸಭೆಯಲ್ಲೇ ಅಲ್ವಾ? ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆ, ಶೇ 11.25 ಇದ್ದರೆ ಕಟಾವು-ಸಾಗಣೆ ಬಿಟ್ಟು ಟನ್‌ಗೆ 3,300, ಅದರಲ್ಲಿ 50 ರೂಪಾಯಿ ಸರ್ಕಾರದ್ದು ಅಂತ ಲೆಕ್ಕ ಬರೆದಿದ್ದು ರಸ್ತೆ ಮೇಲಲ್ಲ. ರಸ್ತೆ ಇಲ್ಲದಿದ್ದರೆ ಆ ಸಭೆ ನಡೆಯುತ್ತಿರಲಿಲ್ಲ, ಒಪ್ಪುತ್ತೇನೆ. ಆ ಸಭೆ ಇಲ್ಲದಿದ್ದರೆ ರಸ್ತೆಯಿಂದ ಏಳುವುದಾದರೂ ಹೇಗಿತ್ತು?

ಈಗ ಮೂಲ ಪ್ರಶ್ನೆ. ನಾನು ಸಕ್ಕರೆ ಕಾರ್ಖಾನೆಗಳಲ್ಲಿ ಕೆಲಸ ಮಾಡಿದವನು, ಹೆಸರು ಬೇಡ. ಕಾರ್ಖಾನೆಯವರು ಲ್ಯಾಪ್‌ಟಾಪ್ ಹಿಡಿದು ಯಾಕೆ ಬರುತ್ತಾರೆ ಅಂದರೆ, ಮೇಲಿನಿಂದ ನಿಗದಿ ಆಗುವುದು ಒಂದೇ ಒಂದು ಅಂಕಿ. 2025-26ರ ಹಂಗಾಮಿಗೆ ಎಫ್‌ಆರ್‌ಪಿ, ಅಂದರೆ ಕೇಂದ್ರ ಹೇಳುವ ಕನಿಷ್ಠ ದರ, 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದರ ಮೇಲೆ ರಿಕವರಿ 0.1 ಏರಿದರೆ 3.46 ಜಾಸ್ತಿ. ಇದು ಕಾರ್ಖಾನೆ ಗೇಟಿನ ದರ, ಕಟಾವು-ಸಾಗಣೆ ಖರ್ಚು ಇದರಲ್ಲೇ ಸೇರಿರುತ್ತದೆ. ಆದರೆ ರೈತನ ಕೈಗೆ ಬರುವ ದುಡ್ಡು ಈ ಒಂದು ಅಂಕಿಯಿಂದ ತೀರ್ಮಾನ ಆಗುವುದಿಲ್ಲ. ಕಟಾವು-ಸಾಗಣೆಗೆ ಎಷ್ಟು ಮುರಿಯುತ್ತಾರೆ? ಹಂಗಾಮು ಯಾವ ತಾರೀಕಿಗೆ ಶುರು? ಕಬ್ಬು ಕಡಿಯುವ ಸರದಿ ಯಾರದು ಮೊದಲು? ಕಬ್ಬು ತೂಗುವ ಕಾಟಾ ಯಾರು ಪರೀಕ್ಷೆ ಮಾಡುತ್ತಾರೆ? ಇದೆಲ್ಲ ಇಲ್ಲೇ, ಜಿಲ್ಲೆಯಲ್ಲೇ ಆಗುವ ಮಾತು.

ತಾರೀಕಿನ ವಿಷಯ ನೋಡಿ. ಬೇಗ ಶುರು ಮಾಡಿದರೆ ಕಬ್ಬು ಇನ್ನೂ ಹಣ್ಣಾಗಿರುವುದಿಲ್ಲ, ರಿಕವರಿ ಬೀಳುತ್ತದೆ. ತಡ ಮಾಡಿದರೆ ಪಕ್ಕದ ಕಾರ್ಖಾನೆಯವನು ಇವನ ಊರಿಗೇ ಕಟಾವು ಗ್ಯಾಂಗ್ ಕಳಿಸಿ ಕಬ್ಬು ಎತ್ತುತ್ತಾನೆ. ಬೆಳಗಾವಿ ಗಡಿಯಲ್ಲಂತೂ ಕಬ್ಬು ಕೊಲ್ಹಾಪುರ, ಸಾಂಗಲಿ ಕಡೆ ಹೋಗುತ್ತದೆ. ಹಾಗಾಗಿ ಪ್ರತಿಯೊಬ್ಬನಿಗೂ ಪಕ್ಕದವನು ಏನು ಮಾಡುತ್ತಾನೆ ಅಂತ ತಿಳಿಯಬೇಕು. ಒಬ್ಬನೇ ಜಾಸ್ತಿ ಕೊಟ್ಟರೆ ಮಾಲಕರು ಬೈಯುತ್ತಾರೆ, ಒಬ್ಬನೇ ಕಡಿಮೆ ಕೊಟ್ಟರೆ ಕಬ್ಬು ಬರುವುದಿಲ್ಲ. ಎಲ್ಲ ಕಾರ್ಖಾನೆಯವರ ಮುಖ ಒಂದೇ ಕಡೆ ನೋಡೋಕೆ ಸಿಗುವುದು ಈ ಸಭೆಯಲ್ಲಿ. ರೈತರಿಗೆ ಉತ್ತರ ಕೊಡೋಕೆ ಬರುತ್ತಾರೆ ಅಂತ ನೀವು ತಿಳಿದಿದ್ದೀರಿ. ಅವರ ಕಣ್ಣು ಇರುವುದು ಒಬ್ಬರ ಮೇಲೊಬ್ಬರದು.

ಹಿನ್ನೀರು, ಜಮಖಂಡಿ

ಇದು ನನಗೆ ಹೊಳೆದೇ ಇರಲಿಲ್ಲ ಸರ. ಹಾಗಾದರೆ ನಾವೂ ಬೇರೆ ರೈತ ಸಂಘಗಳ ಮೇಲೆ ಕಣ್ಣಿಡೋಕೆ ಹೋಗಬೇಕು ಅಂತಾಯಿತು 😀

ಮಗ್ಗದಕ್ಕ, ಇಳಕಲ್

ತಮಾಷೆ ಅಲ್ಲ ತಮ್ಮಾ, ಅದೇ ನಿಜ.

ನಾವು ಸೀರೆ ನೇಯುವವರು. ನೇಕಾರರ ಸಮಸ್ಯೆ ಬಗ್ಗೆ ಸಭೆ ಅಂದರೆ ಮೊದಲೆಲ್ಲ ಹೋಗುತ್ತಿದ್ದವರು ನೂಲು ಕೊಟ್ಟು ಸೀರೆ ಒಯ್ಯುವ ಮಾಲಕರು. ಅವರೂ ನೇಕಾರ ಸಮಾಜದವರೇ, ಸುಳ್ಳಲ್ಲ. ಆದರೆ ಅವರು ಕೇಳುತ್ತಿದ್ದುದು ರೇಷ್ಮೆ ರೇಟು, ಸಾಲ, ಮಾರಾಟ ಮೇಳ. ಮಗ್ಗದ ಮುಂದೆ ಕೂತವರ ಕೂಲಿ ಎಷ್ಟು ಅಂತ ಒಬ್ಬರೂ ಕೇಳಲಿಲ್ಲ. ಕೇಳಿದರೆ ಕೊಡಬೇಕಾದವರು ಅವರೇ ಅಲ್ವಾ! ಕಾಗದದಲ್ಲಿ ಮಾತ್ರ 'ನೇಕಾರರ ಅಭಿಪ್ರಾಯ ಪಡೆಯಲಾಗಿದೆ'.

ಆಮೇಲೆ ನಮ್ಮ ಹೆಣ್ಣುಮಕ್ಕಳ ಸಂಘದಿಂದ ಬಾಗಲಕೋಟೆಗೆ ಹೋಗೋಕೆ ಶುರು ಮಾಡಿದೆವು. ಹೋದರೆ ಅವತ್ತಿನ ಕೂಲಿ ಹೋಯಿತು. ಮುಂದಿನ ಸಾಲಲ್ಲಿ ಕುರ್ಚಿ ಸಿಗುವುದಿಲ್ಲ. 'ನೀವು ಯಾರ ಜೊತೆ ಬಂದಿದ್ದೀರಿ?' ಅಂತ ಕೇಳಿದರು. ಯಾರ ಜೊತೆಗೂ ಅಲ್ಲ, ಸಂಘದಿಂದ ಬಂದಿದ್ದೇವೆ ಅಂದೆ. ಹಾಜರಿ ಪುಸ್ತಕದಲ್ಲಿ ಸಂಘದ ಹೆಸರು ನಾವೇ ಬರೆಯಬೇಕಾಯಿತು, ಅಚ್ಚಾದ ಪಟ್ಟಿಯಲ್ಲಿ ಇರಲಿಲ್ಲ. ಮುಂದಿನ ಸಭೆಗೆ ಪತ್ರ ಬಂತು. ಆ ಪತ್ರ ಬರೋಕೆ ಶುರುವಾದ ಮೇಲೆ ಮಾಲಕರು ನಮ್ಮ ಜೊತೆ ಮಾತಾಡುವ ದನಿಯೇ ಬೇರೆ ಆಗಿದೆ. ಕೂಲಿ ಏರಿದೆ ಅಂತ ಹೇಳುತ್ತಿಲ್ಲ. ದನಿ ಬೇರೆ ಆಗಿದೆ.

ನೀವು ಹೋಗದಿದ್ದರೆ ಕುರ್ಚಿ ಖಾಲಿ ಇರುತ್ತದೆ ಅಂತ ತಿಳಿಯಬೇಡಿ.

ಉದ್ಯಮಬಾಗ್ ಭಟ್ಟಿ

ಅಕ್ಕಾರೆ, ನಿಮ್ಮ ಕೊನೆ ಸಾಲು ನಮ್ಮ ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೇನೆ.

ಕುಂದಾ ಪ್ರೇಮಿ

ಎಲ್ಲ ಸರಿ, ಸಭೆಯಲ್ಲಿ ತಿನ್ನೋಕೆ ಏನು ಕೊಡುತ್ತಾರೆ? ಬೆಳಗಾವಿಯಲ್ಲಿ ಕುಂದಾ ಕೊಟ್ಟಿದ್ದರು ಒಂದು ಸಲ. ಆ ಸಭೆಯ ವಿಷಯ ಏನಿತ್ತು ಅಂತ ಮರೆತಿದೆ.

ಸಿಂದಗಿ ರೋಡ್

ಕುಂದಾ ಸಿಕ್ಕಿದ್ದು ನಿಮ್ಮ ಪುಣ್ಯ. ನಮಗೆ ಮೆತ್ತಗಾದ ಚುರಮುರಿ. ಗೋಕಾಕ ಕಡೆ ಸಭೆ ಇಟ್ಟರೆ ಕರದಂಟು ಕೊಡಲಿ, ನಾನೂ ಒಂದು ಸಂಘ ಕಟ್ಟುತ್ತೇನೆ.

ಅಮೀನಗಡದವ

ಕರದಂಟು ಅಂದರೆ ಅಮೀನಗಡದ್ದು. ಗೋಕಾಕದ್ದು ಆಮೇಲೆ.

ಮೂಡಲಗಿ ಹುಲಿ

ಏನಂದಿರಿ?? ಇದಕ್ಕೆ ಬೇಕಾದರೆ ಮತ್ತೊಮ್ಮೆ ರಸ್ತೆಗೆ ಇಳಿಯುತ್ತೇವೆ.

ಕಾಲುವೆ ಕೊನೆ, ಇಂಡಿ

ದಯವಿಟ್ಟು ವಿಷಯಕ್ಕೆ ಬನ್ನಿ. ನೀರಿನ ಕಡೆ ಹೇಗಿದೆ ಅಂತ ಹೇಳುತ್ತೇನೆ.

ನಾವು ಇಂಡಿ ಶಾಖಾ ಕಾಲುವೆಯ ಟೇಲ್‌ಎಂಡ್, ಅಂದರೆ ಕೊನೆ ತುದಿಯ ರೈತರು. ನಮ್ಮ ನೀರು ನಾರಾಯಣಪುರ ಜಲಾಶಯದಿಂದ ಬರಬೇಕು. ಆಲಮಟ್ಟಿ, ನಾರಾಯಣಪುರ ಎರಡರಿಂದಲೂ ಕಾಲುವೆಗೆ ಎಷ್ಟು ದಿನ ನೀರು ಬಿಡಬೇಕು, ಯಾವಾಗ ಚಾಲೂ ಯಾವಾಗ ಬಂದ್ ಅಂತ ನೀರಾವರಿ ಸಲಹಾ ಸಮಿತಿ, ಅದೇ ಐಸಿಸಿ ಸಭೆಯಲ್ಲಿ ತೀರ್ಮಾನ ಮಾಡುತ್ತಾರೆ. ಆಲಮಟ್ಟಿ ತುಂಬಿದರೆ, ಅಂದರೆ 519.60 ಮೀಟರ್‌ಗೆ ಬಂದರೆ, 123 ಟಿಎಂಸಿ. ಅಷ್ಟು ನೀರು ಕಣ್ಣೆದುರು ಇದ್ದರೂ ಹಿಂಗಾರಿಗೆ ಎಲ್ಲಿಯವರೆಗೆ ಬಿಡುತ್ತಾರೆ ಅನ್ನುವುದು ಸಭೆ ಆಗುವವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ನೀರು ಬಳಕೆದಾರರ ಸಂಘದವರು ಅಲ್ಲಿಗೆ ಹೋಗುವುದು ನೀರು ತರೋಕೆ ಅಲ್ಲ, ತಾರೀಕು ತರೋಕೆ. ಮಾರ್ಚ್‌ವರೆಗೆ ನೀರು ಇದೆ ಅಂತ ಖಚಿತ ಆದರೆ ಒಂದು ಬೆಳೆ, ಇಲ್ಲದಿದ್ದರೆ ಬೇರೆ ಬೆಳೆ. ಬಿತ್ತನೆ ಬೀಜ ತರುವ ಮುಂಚೆ ಈ ಸುದ್ದಿ ಸಿಕ್ಕರೆ ಅದೇ ಲಾಭ. ಪೇಪರಿನಲ್ಲಿ ಬರುತ್ತದಲ್ಲ ಅನ್ನಬೇಡಿ. ಪೇಪರಿನಲ್ಲಿ ಬರುವುದು ಕೊನೆಯ ತಾರೀಕು. ಯಾವ ಕಾಲುವೆ ರಿಪೇರಿ ಇದೆ, ಯಾವ ಗೇಟು ಕೆಟ್ಟಿದೆ, ನೀರು ಕೊನೆಗೆ ಮುಟ್ಟುವುದು ಡೌಟು ಅನ್ನುವುದು ಸಭೆಯ ಹೊರಗೆ, ಜೀಪಿನ ಹತ್ತಿರ ನಿಂತಾಗ ಇಂಜಿನಿಯರ್ ಬಾಯಲ್ಲಿ ಬರುತ್ತದೆ. ನಿಜವಾದ ಸಭೆ ಜೀಪಿನ ಹತ್ತಿರ.

ಇನ್ನೊಂದು ಕಹಿ ಮಾತು. ರೈತರೇ ಕಾಲುವೆ ನೋಡಿಕೊಳ್ಳಲಿ ಅಂತ 2000ದಲ್ಲಿ ನೀರಾವರಿ ಕಾಯ್ದೆಗೆ ತಿದ್ದುಪಡಿ ಆಯಿತು, ಸಂಘಗಳು ಹುಟ್ಟಿದವು. ನಮ್ಮ ಸುತ್ತ ಎಷ್ಟೋ ಸಂಘ ಬೋರ್ಡಿನ ಮೇಲೆ ಮಾತ್ರ ಇವೆ. ಸಭೆಗೆ ಪತ್ರ ಬಂದಾಗ ಜೀವ ಬರುತ್ತದೆ, ಆಮೇಲೆ ಮಲಗುತ್ತವೆ. ಹಾಗಾಗಿ 'ಸಂಘಗಳು ಯಾಕೆ ಭಾಗವಹಿಸುತ್ತವೆ' ಅನ್ನುವ ಪ್ರಶ್ನೆಗೆ ಒಂದು ಉತ್ತರ, ಕೆಲವು ಸಂಘಗಳಿಗೆ ಅದು ಬಿಟ್ಟರೆ ಬೇರೆ ಕೆಲಸ ಇಲ್ಲ.

ಟಪಾಲು ಕಾಕಾ, ವಿಜಯಪುರ

ಜೀಪಿನ ಮಾತು ನೂರಕ್ಕೆ ನೂರು ಸತ್ಯ. ಆದರೆ ಜೀಪಿನ ಹತ್ತಿರ ಕೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಅದನ್ನು ವಾಪಸ್ ಒಳಗೆ ಹೋಗಿ ಪ್ರಶ್ನೆಯಾಗಿ ಕೇಳುವವನು ಜಾಣ.

ಅರ್ಧ ಪಿಎಚ್‌ಡಿ

ನಾನು ಬೆಳಗಾವಿಯಲ್ಲಿ ಇದೇ ವಿಷಯದ ಹತ್ತಿರ ಓದುತ್ತಿದ್ದೇನೆ, ಸಣ್ಣ ಮಾತು ಸೇರಿಸಲಾ? ಒಂದು ಸಂಘ ಹೋಗಿ ಮಾತಾಡಿ ದರ ಏರಿಸಿತು ಅಂದುಕೊಳ್ಳಿ. ಲಾಭ ಎಲ್ಲ ರೈತರಿಗೂ ಬರುತ್ತದೆ, ಮನೆಯಲ್ಲಿ ಮಲಗಿದವನಿಗೂ. ಹಾಗಾದರೆ ಬಸ್ ಚಾರ್ಜ್ ಕೊಟ್ಟು ಯಾರಾದರೂ ಯಾಕೆ ಹೋಗಬೇಕು? ಲೆಕ್ಕದ ಪ್ರಕಾರ ಎಲ್ಲರೂ ಮಲಗಬೇಕು. ಆದರೂ ಹೋಗುತ್ತಾರೆ. ಯಾಕೆಂದರೆ ಹೋದವರಿಗೆ ಮಾತ್ರ ಸಿಗುವಂಥದ್ದು ಏನೋ ಇದೆ. ಮೇಲೆ ಎಲ್ಲರೂ ಹೇಳಿದ್ದು ಅದನ್ನೇ: ಮುಂಚಿತ ಸುದ್ದಿ, ಮುಂದಿನ ಪತ್ರ, ಮಾಲಕರ ದನಿ, ಪಕ್ಕದ ಕಾರ್ಖಾನೆಯ ಲೆಕ್ಕಾಚಾರ. ಇವು ಯಾವುವೂ ಮಲಗಿದವನಿಗೆ ಸಿಗುವುದಿಲ್ಲ.

ಇನ್ನು ದೊಡ್ಡ ಸಂಸ್ಥೆಗಳಿಗೆ ಇನ್ನೊಂದು ಅನುಕೂಲ ಇದೆ. ಸಂಬಳ ಕೊಟ್ಟು ಸಭೆಗೆಂದೇ ಮನುಷ್ಯನನ್ನು ಇಡುತ್ತಾರೆ. ಮಗ್ಗದಕ್ಕ ಕೂಲಿ ಕಳೆದುಕೊಂಡು ಹೋಗಬೇಕು. ಒಂದೇ ಮೇಜಿನ ಸುತ್ತ ಕೂತರೂ ಅಲ್ಲಿಗೆ ಬರುವ ಖರ್ಚು ಎಲ್ಲರಿಗೂ ಒಂದೇ ಅಲ್ಲ.

ಕಾಟಾ ನೋಡ್ರಿ

ಉಳಿದರ್ಧ ಪಿಎಚ್‌ಡಿ ಯಾವಾಗ ಮುಗಿಸುತ್ತೀರಿ?

ಅರ್ಧ ಪಿಎಚ್‌ಡಿ

ಗೈಡ್ ಸಾಹೇಬರು ಸಭೆಯಿಂದ ವಾಪಸ್ ಬಂದ ಮೇಲೆ.

ಶಹಾಪುರ ಕಟ್ಟೆ, ಬೆಳಗಾವಿ

ನಾನು ಸ್ವಲ್ಪ ಬೇಸರದ ಮಾತು ಹೇಳುತ್ತೇನೆ. ನಮ್ಮ ಓಣಿಯ ಸಂಘವನ್ನೂ ಒಂದು ಕಾಮಗಾರಿಗೆ ಸಂಬಂಧಿಸಿದ ಸಭೆಗೆ ಕರೆದಿದ್ದರು. ಯಾವ ಕಚೇರಿ ಅಂತ ಬೇಡ. ಗೋಡೆ ಮೇಲೆ ಪರದೆ ಹಾಕಿ ನಕ್ಷೆ ತೋರಿಸಿದರು, ಬಣ್ಣ ಬಣ್ಣದ ಗಿಡ, ಬೆಂಚು, ನಗುವ ಮಕ್ಕಳು. ಚರಂಡಿ ನೀರು ಯಾವ ಕಡೆ ಹೋಗುತ್ತದೆ ಅಂತ ಕೇಳಿದೆ. 'ಒಳ್ಳೆಯ ಪ್ರಶ್ನೆ, ಗಮನಿಸುತ್ತೇವೆ' ಅಂದರು. ಹೊರಗೆ ಬಂದಾಗ ತಿಳಿಯಿತು, ಟೆಂಡರ್ ಆಗಲೇ ಆಗಿತ್ತು. ಆಮೇಲೆ ಮಳೆಗಾಲದಲ್ಲಿ ದೂರು ಕೊಟ್ಟರೆ 'ನಿಮ್ಮ ಸಂಘದವರನ್ನೂ ಕೇಳಿಯೇ ಮಾಡಿದ್ದು' ಅಂತ ಉತ್ತರ. ನಮ್ಮದೇ ಹೆಸರು, ನಮ್ಮ ಬಾಯಿ ಮುಚ್ಚಿಸೋಕೆ.

ಕೆಲಸ ಹಂಚಿ ಆದ ಮೇಲೆ ಕರೆದರೆ ಹೋಗಲೇಬೇಡಿ. ಹೋಗುವ ಮುಂಚೆ ಒಂದೇ ಪ್ರಶ್ನೆ ಕೇಳಿ: ಈ ಸಭೆಯಿಂದ ಇನ್ನೂ ಏನು ಬದಲಾಗಬಹುದು?

ಮೂಡಲಗಿ ಹುಲಿ

ನೋಡಿ, ನಾನು ಹೇಳಿದ್ದೂ ಇದೇ. ಬಾಯಿ ಮುಚ್ಚಿಸುವ ಕಲೆ.

ಟಪಾಲು ಕಾಕಾ, ವಿಜಯಪುರ

ಶಹಾಪುರದವರೇ, ಹಾಜರಿ ಪುಸ್ತಕದ ಸಹಿ ಅಂದರೆ ಒಪ್ಪಿಗೆ ಅಲ್ಲ. ನೀವು ಬಂದಿದ್ದಿರಿ ಅನ್ನುವುದಷ್ಟೇ ಅದರಿಂದ ಗೊತ್ತಾಗುವುದು. ಆದರೆ ನೀವು ಒಪ್ಪಲಿಲ್ಲ ಅನ್ನುವುದಕ್ಕೆ ನಿಮ್ಮ ಹತ್ತಿರ ಏನಿದೆ? ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯಿತು. ಸಭೆಗೆ ಹೋಗುವಾಗಲೇ ಎರಡು ಪ್ರತಿ ಪತ್ರ ಇಟ್ಟುಕೊಳ್ಳಿ. ಒಂದು ಕೊಡಿ, ಇನ್ನೊಂದರ ಮೇಲೆ ಟಪಾಲು ವಿಭಾಗದ ಸೀಲು ಹಾಕಿಸಿಕೊಳ್ಳಿ. ಅಲ್ಲಿ ನೀವು ಕೇಳಿದ್ದು ನಡಾವಳಿಯಲ್ಲಿ ಬರಲಿಲ್ಲ ಅಂದರೆ ನಡಾವಳಿ ಕೈಗೆ ಬಂದ ಕೂಡಲೇ 'ನಮ್ಮ ಆಕ್ಷೇಪಣೆ ಬಿಟ್ಟುಹೋಗಿದೆ' ಅಂತ ಬರೆಯಿರಿ. ನಡಾವಳಿ ಕೊಡದಿದ್ದರೆ ಮಾಹಿತಿ ಹಕ್ಕು ಇದೆ, 30 ದಿನ.

ಇಷ್ಟು ಮಾಡುವ ಸಂಘಗಳು ಕಡಿಮೆ. ಮಾಡುವವರ ಕಡತ ಮುಟ್ಟೋಕೆ ನಮ್ಮ ಕಾಲದಲ್ಲೂ ಹೆದರುತ್ತಿದ್ದರು.

ನಿಂಬೆಹಣ್ಣು

ಇಂಡಿ ಕಡೆಯವನೇ ನಾನೂ. ಲಿಂಬೆ ಬೆಳೆಗಾರ. ನಮ್ಮ ಲಿಂಬೆಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಬೆಳೆ ಅನ್ನುವ ಗುರುತು, ಸಿಕ್ಕಿತು, ಲಿಂಬೆ ಅಭಿವೃದ್ಧಿ ಮಂಡಳಿ ಕೂಡ ಇಂಡಿಯಲ್ಲೇ ಇದೆ. ಜಿಐ ಅಂದರೆ ಒಬ್ಬ ರೈತ ಹೋಗಿ ಕೇಳಿದರೆ ಕೊಡುವಂಥದ್ದಲ್ಲ, ಬೆಳೆಗಾರರ ಪರವಾಗಿ ಸಂಘವೋ ಸಂಸ್ಥೆಯೋ ಅರ್ಜಿ ಹಾಕಬೇಕು. ಎಲ್ಲ ಕೆಲಸವೂ ಜಗಳದಿಂದಲೇ ಆಗಬೇಕು ಅಂತೇನಿಲ್ಲ. ದರ ಬಿದ್ದಾಗ ಮಾತ್ರ ಜಿಐ ಹೊಟ್ಟೆ ತುಂಬಿಸುವುದಿಲ್ಲ, ಅದು ಬೇರೆ ಕಥೆ.

ರಬಕವಿ ಬಸ್‌ಸ್ಟ್ಯಾಂಡ್

ಕಬ್ಬಿನ ಬಿಲ್ಲು 15 ದಿನದೊಳಗೆ ಕೊಡಬೇಕು ಅಂತ ರೂಲ್ ಇದೆ ಅಲ್ವಾ? ಅದನ್ನು ಸಭೆಯಲ್ಲಿ ಕೇಳಿ ಮೊದಲು.

ಸಕ್ಕರೆ ಲ್ಯಾಬು

15 ಅಲ್ಲ, 14 ದಿನ. ಕಬ್ಬು ನಿಯಂತ್ರಣ ಆದೇಶ 1966. ಕಬ್ಬು ಮುಟ್ಟಿಸಿದ 14 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ನಿಮ್ಮ 15 ಅಲ್ಲಿಂದ ಬಂದಿರಬೇಕು.

ಇದರ ಜೊತೆ ಇನ್ನೊಂದು. ಸಕ್ಕರೆ, ಕಾಕಂಬಿ, ಬಗಾಸ್ (ರಸ ಹಿಂಡಿದ ಸಿಪ್ಪೆ) ಎಲ್ಲ ಸೇರಿ ಬಂದ ಆದಾಯದಲ್ಲಿ ಶೇ 70 ರೈತನಿಗೆ, ಬರೀ ಸಕ್ಕರೆ ಲೆಕ್ಕ ಹಿಡಿದರೆ ಶೇ 75 ಅಂತ 2012ರಲ್ಲಿ ರಂಗರಾಜನ್ ಸಮಿತಿ ಹೇಳಿತು. ಮರುವರ್ಷ, 2013ರಲ್ಲಿ, ಕರ್ನಾಟಕದಲ್ಲಿ ಕಬ್ಬು ಖರೀದಿ ಮತ್ತು ಪೂರೈಕೆ ನಿಯಂತ್ರಣದ ಕಾಯ್ದೆ ಬಂತು. ಅದರ ಪ್ರಕಾರ ರೈತರ ಕಡೆಯವರೂ ಕಾರ್ಖಾನೆ ಕಡೆಯವರೂ ಕೂರುವ ಕಬ್ಬು ನಿಯಂತ್ರಣ ಮಂಡಳಿ ಆಯಿತು. ಹೆಸರಿಗೆ ಇಬ್ಬರಿಗೂ ಕುರ್ಚಿ ಇದೆ. ಆದರೆ ಉಪ ಉತ್ಪನ್ನದ ಲೆಕ್ಕದ ಪುಸ್ತಕ ಇರುವುದು ಒಬ್ಬರ ಕೈಯಲ್ಲಿ ಮಾತ್ರ. ಲೆಕ್ಕ ಕೈಯಲ್ಲಿ ಇಲ್ಲದವನು ಬರೀ ಕೂಗಬೇಕಾಗುತ್ತದೆ. ಹುಡುಗರಿಗೆ ಸಭೆ ಅಂದರೆ ಸಿಟ್ಟು ಬರುವುದು ಇದಕ್ಕೇ.

ಕಾಟಾ ನೋಡ್ರಿ

ಇದೊಂದು ಮಾತು ಒಪ್ಪಿದೆ. ತೂಕವೂ ಅವರದೇ, ಲ್ಯಾಬೂ ಅವರದೇ, ಲೆಕ್ಕವೂ ಅವರದೇ.

ಹಿನ್ನೀರು, ಜಮಖಂಡಿ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ನಮ್ಮ ಗುಡಿ ಕಟ್ಟೆ ಮೇಲೆ ಇದನ್ನೆಲ್ಲ ಜೋರಾಗಿ ಓದಿದೆ. ಕರದಂಟಿನ ಜಗಳಕ್ಕೆ ಜಾಸ್ತಿ ಚಪ್ಪಾಳೆ ಬಂತು, ಹೋಗಲಿ ಬಿಡಿ. ಹೋಗುವುದು ಅಂತ ಆಗಿದೆ. ಹಿರಿಯರೊಬ್ಬರು, ಹುಡುಗರಲ್ಲೊಬ್ಬ. ರಸ್ತೆಗೆ ಇಳಿಯುವ ಹಕ್ಕು ಬಿಟ್ಟುಕೊಟ್ಟಿಲ್ಲ ಅಂತ ಪತ್ರದಲ್ಲೇ ಬರೆಯಬೇಕು ಅನ್ನುವುದು ಹುಡುಗರ ಷರತ್ತು.

ಕರಡು ಹೀಗಿದೆ, ತಿದ್ದಿ ಕೊಡಿ: ಕಾಟಾ ಪರೀಕ್ಷೆಗೆ ರೈತರ ಮುಂದೆಯೇ ದಿನ ಗೊತ್ತು ಮಾಡಬೇಕು. ಕಟಾವು-ಸಾಗಣೆಗೆ ಮುರಿದ ದುಡ್ಡನ್ನು ಬಿಲ್ಲಿನಲ್ಲಿ ಬಿಡಿಬಿಡಿಯಾಗಿ ತೋರಿಸಬೇಕು. ಕಟಾವು ಗ್ಯಾಂಗಿನವರು ಮೇಲ್ದುಡ್ಡು ಕೇಳುವುದನ್ನು ನಿಲ್ಲಿಸಬೇಕು. ಬಾಕಿ ಬಿಲ್ಲಿಗೆ ಬಡ್ಡಿ ಕೊಡಬೇಕು. 3,500 ಕೊಡಬೇಕು.

ಟಪಾಲು ಕಾಕಾ, ವಿಜಯಪುರ

ಬಡ್ಡಿಯದನ್ನು ಮೊದಲಿಗೆ ತನ್ನಿ, ಅದು ಕಾನೂನಿನಲ್ಲೇ ಇದೆ, ಯಾರೂ ಇಲ್ಲ ಅನ್ನೋಕೆ ಆಗುವುದಿಲ್ಲ. 'ಕೊಡಬೇಕು' ಅಂತ ಬರೆದು ಬಿಡಬೇಡಿ. ಯಾವ ಕಾರ್ಖಾನೆ ಎಷ್ಟು ಬಿಲ್ಲು 14 ದಿನ ಮೀರಿ ಕೊಟ್ಟಿದೆ, ಅದಕ್ಕೆ ಬಡ್ಡಿ ಎಷ್ಟು ಆಗಿದೆ, ಆ ಪಟ್ಟಿಯನ್ನು ಇಂಥ ತಾರೀಕಿನೊಳಗೆ ಕೊಡಿ ಅಂತ ಕೇಳಿ. 3,500 ಕೊನೆಗೆ ಇರಲಿ. ಅದನ್ನು ಮೊದಲು ಹಾಕಿದರೆ ಅಲ್ಲೇ ವಾದ ಶುರುವಾಗಿ ಉಳಿದದ್ದಕ್ಕೆ ಹೊತ್ತು ಇರುವುದಿಲ್ಲ. ರಸ್ತೆ ವಿಷಯ ಪತ್ರದಲ್ಲಿ ಬೇಡ. ಅದು ಅವರಿಗೆ ಗೊತ್ತಿರುತ್ತದೆ.

ಸಕ್ಕರೆ ಲ್ಯಾಬು

ಕಾಟಾ ಪರೀಕ್ಷೆಗೆ ತೂಕ-ಅಳತೆ ನೋಡುವ ಕಾನೂನು ಮಾಪನಶಾಸ್ತ್ರ ಇಲಾಖೆಯವರನ್ನೂ ಸಭೆಗೆ ಕರೆಯಿರಿ ಅಂತ ಇವತ್ತೇ ಕೇಳಿ. ಅವರು ಬರದಿದ್ದರೆ ಆ ವಿಷಯ ಮುಂದಿನ ಸಭೆಗೆ ಹೋಗುತ್ತದೆ.

ಮಗ್ಗದಕ್ಕ, ಇಳಕಲ್

ಬೇಗ ಹೋಗಿ ಮುಂದಿನ ಸಾಲು ಹಿಡಿಯಿರಿ. ಮೈಕು ಹಿಂದಿನ ಸಾಲಿಗೆ ಬರುವಷ್ಟರಲ್ಲಿ ಸಾಹೇಬರು ಏಳುತ್ತಾರೆ.

ಮೂಡಲಗಿ ಹುಲಿ

ಹೋಗಿ ಬನ್ನಿ. ಶೇ 15 ಬಡ್ಡಿ ತಾನಾಗಿಯೇ ಕೊಟ್ಟ ಕಾರ್ಖಾನೆ ಒಂದಾದರೂ ಆ ಪಟ್ಟಿಯಲ್ಲಿ ಸಿಕ್ಕರೆ ಇಲ್ಲಿ ಹೆಸರು ಹಾಕಿ, ನಮ್ಮ ಊರಿನವರೆಲ್ಲ ಅಲ್ಲಿಗೇ ಕಬ್ಬು ಕಳಿಸುತ್ತೇವೆ.